ಬ್ರೌಸರ್ ಅಪ್‌ಡೇಟ್ ಆದ ಮೇಲೆ ಭದ್ರತೆಯ ಎಕ್ಸ್‌ಟೆನ್ಷನ್ ಕೈಕೊಟ್ಟರೆ

ಕ್ರೋಮ್ ಮತ್ತು ಫೈರ್‌ಫಾಕ್ಸ್ ಬ್ರೌಸರ್‌ಗಳಿಗೆ ಕೆಲವು ವರ್ಷಗಳಿಂದ ಸುಮಾರು ನಾಲ್ಕು ವಾರಕ್ಕೊಂದು ಹೊಸ ಆವೃತ್ತಿ ಬರುತ್ತಿದೆ. ನಡುನಡುವೆ ಬರುವ ಸಣ್ಣ ಭದ್ರತಾ ತಿದ್ದುಪಡಿಗಳು ಬೇರೆ. ಅವು ಬಂದದ್ದು ಬಹುತೇಕ ಸಲ ನಮ್ಮ ಗಮನಕ್ಕೇ ಬರುವುದಿಲ್ಲ. ಆದರೆ ಕೆಲವು ಸಲ ಬ್ರೌಸರ್ ಮುಚ್ಚಿ ತೆರೆಯುವಷ್ಟರಲ್ಲಿ ಜಾಹೀರಾತುಗಳನ್ನೂ ಹಾನಿಕಾರಕ ಸ್ಕ್ರಿಪ್ಟ್‌ಗಳನ್ನೂ (ಪುಟದೊಳಗೆ ಓಡುವ ಪುಟ್ಟ ಪ್ರೋಗ್ರಾಂಗಳನ್ನೂ) ತಡೆಯುತ್ತಿದ್ದ ಎಕ್ಸ್‌ಟೆನ್ಷನ್, ಅಂದರೆ ಬ್ರೌಸರಿಗೆ ನಾವು ಹೆಚ್ಚುವರಿಯಾಗಿ ಸೇರಿಸಿಕೊಂಡ ಸಣ್ಣ ಪ್ರೋಗ್ರಾಂ, ನಿಷ್ಕ್ರಿಯವಾಗಿರುತ್ತದೆ, ಪಾಸ್‌ವರ್ಡ್‌ಗಳನ್ನು ಕೂಡಿಟ್ಟು ತುಂಬಿಕೊಡುವ ಪಾಸ್‌ವರ್ಡ್ ಮ್ಯಾನೇಜರ್ ತನ್ನ ಮೂಲ ಆ್ಯಪ್ ಜೊತೆಗಿನ ಸಂಪರ್ಕ ಕಳೆದುಕೊಂಡಿರುತ್ತದೆ, ಇಲ್ಲವೆ ತೆರಿಗೆ ಜಾಲತಾಣಕ್ಕೆ ಡಿಜಿಟಲ್ ಸಹಿಯನ್ನು ಹೊತ್ತ ಯುಎಸ್‌ಬಿ ಟೋಕನ್ ಕಾಣದಂತಾಗಿರುತ್ತದೆ. ಬೆಂಗಳೂರಿನಲ್ಲಿ ಇದರ ಬಿಸಿ ಹೆಚ್ಚಾಗಿ ತಟ್ಟುವುದು ಮನೆಗಳಿಗೆ ಮತ್ತು ಸಣ್ಣ ಕಚೇರಿಗಳಿಗೆ. ದೊಡ್ಡ ಕಂಪನಿಗಳಲ್ಲಿ ಇದನ್ನು ನೋಡಿಕೊಳ್ಳಲು ಒಂದು ವಿಭಾಗವೇ ಇರುತ್ತದೆ. ಚಿಕ್ಕಪೇಟೆಯ ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುವವರಿಗೆ, ಮಲ್ಲೇಶ್ವರದ ಸಣ್ಣ ಆಡಿಟರ್ ಕಚೇರಿಗೆ, ಆಸ್ತಿ ತೆರಿಗೆಯನ್ನೂ ಬೆಸ್ಕಾಂ ಬಿಲ್ಲನ್ನೂ ಮನೆಯಿಂದಲೇ ಕಟ್ಟುವ ನಿವೃತ್ತರಿಗೆ ಅಂಥ ಆಸರೆ ಇಲ್ಲ. ಈ ಬರಹ ಮುಖ್ಯವಾಗಿ ಅವರಿಗಾಗಿ.

ಇಂಥ ಹೊತ್ತಿನಲ್ಲಿ ಜನ ಸಾಮಾನ್ಯವಾಗಿ ಎರಡರಲ್ಲೊಂದು ದಾರಿ ಹಿಡಿಯುತ್ತಾರೆ. ಒಂದು, ಬ್ರೌಸರಿನ ಅಪ್‌ಡೇಟನ್ನೇ ನಿಲ್ಲಿಸಿ ಹಳೆಯ ಆವೃತ್ತಿಗೆ ಮರಳುವುದು. ಇನ್ನೊಂದು, ಹುಡುಕಿದಾಗ ಮೊದಲು ಸಿಕ್ಕ, ಹೆಸರು ಹೋಲುವ ಮತ್ತೊಂದು ಎಕ್ಸ್‌ಟೆನ್ಷನ್ ಹಾಕಿಕೊಳ್ಳುವುದು. ಎರಡೂ ಮೊದಲಿಗಿಂತ ದೊಡ್ಡ ಅಪಾಯಕ್ಕೆ ಒಡ್ಡುತ್ತವೆ. ಎಕ್ಸ್‌ಟೆನ್ಷನ್ ಎಷ್ಟೇ ಉತ್ತಮವಾಗಿದ್ದರೂ ಅದು ಓಡುವುದು ಬ್ರೌಸರಿನ ಒಳಗೆ, ಬ್ರೌಸರಿನಲ್ಲೇ ದೋಷವಿದ್ದರೆ ಅದನ್ನು ಸರಿಪಡಿಸುವ ಶಕ್ತಿ ಎಕ್ಸ್‌ಟೆನ್ಷನ್‌ಗೆ ಇಲ್ಲ. ನಮ್ಮ ದೇಶದ ಸೈಬರ್ ತುರ್ತು ಸ್ಪಂದನಾ ಸಂಸ್ಥೆಯಾದ ಸರ್ಟ್-ಇನ್ ಕ್ರೋಮ್ ಮತ್ತು ಫೈರ್‌ಫಾಕ್ಸ್ ದೋಷಗಳ ಬಗ್ಗೆ ಮತ್ತೆ ಮತ್ತೆ ಎಚ್ಚರಿಕೆ ಹೊರಡಿಸುತ್ತದೆ, ಮತ್ತು ಅವುಗಳಲ್ಲಿ ಹೇಳುವ ಪರಿಹಾರ ಸಾಮಾನ್ಯವಾಗಿ ಒಂದೇ: ಕೂಡಲೇ ಅಪ್‌ಡೇಟ್ ಮಾಡಿ. ಆದ್ದರಿಂದ ಬ್ರೌಸರನ್ನು ಹೊಸದಾಗಿಯೇ ಇಟ್ಟುಕೊಂಡು, ಎಕ್ಸ್‌ಟೆನ್ಷನ್ ಇಲ್ಲದ ಆ ಕೆಲವು ಗಂಟೆ ಅಥವಾ ದಿನಗಳನ್ನು ಹೇಗೆ ದಾಟುವುದು ಎಂಬುದೇ ಇಲ್ಲಿನ ವಿಷಯ. ಮೆನುಗಳ ಹೆಸರುಗಳನ್ನು ಇಂಗ್ಲಿಷ್ ಪರದೆಯಲ್ಲಿ ಕಾಣುವಂತೆ ಕೊಟ್ಟಿದ್ದೇನೆ. ಬ್ರೌಸರನ್ನು ಕನ್ನಡದಲ್ಲಿ ಬಳಸುವವರಿಗೆ ಅವೇ ಆಯ್ಕೆಗಳು ಅದೇ ಜಾಗದಲ್ಲಿ ಕನ್ನಡದ ಹೆಸರಿನಲ್ಲಿ ಸಿಗುತ್ತವೆ.

ಮೊದಲು ಏನನ್ನೂ ಅಳಿಸಬೇಡಿ

ಎಕ್ಸ್‌ಟೆನ್ಷನ್ ನಿಂತದ್ದು ಕಂಡ ಕೂಡಲೇ ಅದನ್ನು ತೆಗೆದು ಮತ್ತೆ ಹಾಕಿದರೆ ಸರಿಹೋಗಬಹುದು ಎಂದು ಅನ್ನಿಸುವುದು ಸಹಜ. ಹಾಗೆ ಮಾಡಬಾರದು. ಎಕ್ಸ್‌ಟೆನ್ಷನ್ ತೆಗೆದರೆ ಅದು ಬ್ರೌಸರಿನೊಳಗೆ ಕೂಡಿಟ್ಟ ಮಾಹಿತಿಯೂ ಅದರೊಂದಿಗೆ ಅಳಿಯುತ್ತದೆ. ನೀವು ವರ್ಷಗಳಿಂದ ತಿದ್ದಿಕೊಂಡು ಬಂದ ತಡೆಪಟ್ಟಿ, ಯಾವ ಯಾವ ತಾಣದ ಸ್ಕ್ರಿಪ್ಟ್‌ಗೆ ಅನುಮತಿ ಇದೆ ಎಂಬ ವಿವರ, ಇನ್ನೂ ಗಂಭೀರವೆಂದರೆ ಎರಡನೆಯ ಹಂತದ ಪರಿಶೀಲನೆಯ ಆರು ಅಂಕಿಯ ಸಂಕೇತ ಹುಟ್ಟಿಸುವ ಎಕ್ಸ್‌ಟೆನ್ಷನ್ ಆಗಿದ್ದರೆ ಅದರ ಗುಪ್ತ ಕೀಲಿ, ಇವೆಲ್ಲವೂ ಹೋಗುತ್ತವೆ. ಕೀಲಿ ಹೋಯಿತೆಂದರೆ ಖಾತೆಯೊಳಗೆ ಪ್ರವೇಶಿಸುವ ದಾರಿಯೇ ಮುಚ್ಚಿಹೋಗಬಹುದು.

2019ರ ಮೇ 4ರ ಶನಿವಾರ ಈ ಮಾತಿನ ತೂಕ ಲೋಕಕ್ಕೆ ತಿಳಿಯಿತು. ಫೈರ್‌ಫಾಕ್ಸ್‌ನಲ್ಲಿ ಪ್ರತಿ ಎಕ್ಸ್‌ಟೆನ್ಷನ್‌ಗೂ ಆ ಬ್ರೌಸರಿನ ತಯಾರಕರಾದ ಮೊಜಿಲ್ಲಾದ ಡಿಜಿಟಲ್ ಸಹಿ ಇರಬೇಕು. ಆ ಸಹಿಗಳನ್ನು ದೃಢೀಕರಿಸುವ ಒಂದು ಮಧ್ಯಂತರ ಪ್ರಮಾಣಪತ್ರದ ಅವಧಿ ಅಂದು ಮುಗಿದುಹೋಯಿತು, ಅದನ್ನು ಸಕಾಲದಲ್ಲಿ ನವೀಕರಿಸಿರಲಿಲ್ಲ. ನಮ್ಮಲ್ಲಿ ಬೆಳಗಾಗುವ ಹೊತ್ತಿಗೆ ಜಗತ್ತಿನಾದ್ಯಂತ ಫೈರ್‌ಫಾಕ್ಸ್ ಬಳಕೆದಾರರ ಎಕ್ಸ್‌ಟೆನ್ಷನ್‌ಗಳು ಒಂದೊಂದಾಗಿ ನಿಷ್ಕ್ರಿಯವಾಗತೊಡಗಿದ್ದವು. ಗುರುತು ಮರೆಸಿ ಜಾಲಾಡಲು ನೆರವಾಗುವ ಟಾರ್ ಬ್ರೌಸರಿನಲ್ಲಿ ಸ್ಕ್ರಿಪ್ಟ್ ತಡೆಯುವ ನೋಸ್ಕ್ರಿಪ್ಟ್ ಕೂಡ ನಿಂತುಹೋಯಿತು. ಎಕ್ಸ್‌ಟೆನ್ಷನ್‌ಗಳನ್ನು ಅಳಿಸಿ ಮತ್ತೆ ಹಾಕಬೇಡಿ ಎಂದು ಮೊಜಿಲ್ಲಾ ಅಂದೇ ಕೇಳಿಕೊಂಡಿತು. ಮರುದಿನವೇ 66.0.4 ಆವೃತ್ತಿ ಬಂತು, ತಾಳ್ಮೆಯಿಂದ ಕಾದವರ ಎಕ್ಸ್‌ಟೆನ್ಷನ್‌ಗಳು ಸಾಮಾನ್ಯವಾಗಿ ತಮ್ಮ ಮಾಹಿತಿಯೊಂದಿಗೇ ಮರಳಿದವು, ಅವಸರದಲ್ಲಿ ಅಳಿಸಿದವರು ಎಲ್ಲವನ್ನೂ ಮೊದಲಿನಿಂದ ಹೊಂದಿಸಬೇಕಾಯಿತು.

ಅಳಿಸದಿರುವುದರ ಜೊತೆಗೆ ಇನ್ನೊಂದು ಕೆಲಸ: ಏನಾಗಿದೆ ಎಂದು ತಿಳಿಯುವವರೆಗೆ ಆ ಬ್ರೌಸರಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡಬೇಡಿ. ಒಂದೆರಡು ಗಂಟೆ ತಡವಾದರೆ ನಷ್ಟವಾಗುವ ವ್ಯವಹಾರಗಳು ನಾವು ಅಂದುಕೊಂಡಷ್ಟು ಇರುವುದಿಲ್ಲ.

ಕೆಟ್ಟದ್ದು ಯಾವುದು ಎಂದು ಗುರುತಿಸುವುದು

ಬ್ರೌಸರಿನ ಆವೃತ್ತಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದರಿಂದ ಆರಂಭಿಸಿ. ಎರಡೂ ಬ್ರೌಸರ್‌ಗಳಲ್ಲಿ ಹೆಲ್ಪ್ ಮೆನುವಿನೊಳಗಿನ ಅಬೌಟ್ ಆಯ್ಕೆಯಲ್ಲಿ ಅದು ಸಿಗುತ್ತದೆ, ಅಪ್‌ಡೇಟ್ ಅರ್ಧಕ್ಕೆ ನಿಂತಿದ್ದರೆ ಅದೂ ಅಲ್ಲೇ ತಿಳಿಯುತ್ತದೆ. ಹೊಸ ಆವೃತ್ತಿ ಇಳಿದು, ಬ್ರೌಸರನ್ನು ಮತ್ತೆ ತೆರೆಯದೆ ದಿನಗಟ್ಟಲೆ ಹಾಗೇ ಇಟ್ಟಾಗಲೂ ಎಕ್ಸ್‌ಟೆನ್ಷನ್‌ಗಳು ವಿಚಿತ್ರವಾಗಿ ವರ್ತಿಸುವುದುಂಟು. ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆದರೆ ಅಂಥ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಆಮೇಲೆ ಕಂಪ್ಯೂಟರಿನ ದಿನಾಂಕ ಮತ್ತು ಸಮಯ ಸರಿಯಿದೆಯೇ ನೋಡಿ. ಇದು ಕ್ಷುಲ್ಲಕವೆಂದು ಕಾಣಬಹುದು. ಆದರೆ ಎಸ್.ಪಿ. ರಸ್ತೆಯಲ್ಲಿ ಕೊಂಡ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ ಸತ್ತು, ಪ್ರತಿ ಸಲ ಆನ್ ಮಾಡಿದಾಗಲೂ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗುವುದು ಸಾಮಾನ್ಯ. ದಿನಾಂಕ ತಪ್ಪಿದರೆ ತಾಣ ಅಸಲಿ ಎಂದು ತೋರಿಸುವ ಪ್ರಮಾಣಪತ್ರಗಳನ್ನು ಬ್ರೌಸರ್ ಒಪ್ಪುವುದಿಲ್ಲ, ತಡೆಪಟ್ಟಿಗಳು ನವೀಕರಣಗೊಳ್ಳುವುದಿಲ್ಲ, ಸಮಯವನ್ನು ಆಧರಿಸಿ ಹುಟ್ಟುವ ಆರು ಅಂಕಿಯ ಸಂಕೇತಗಳು ತಪ್ಪಾಗುತ್ತವೆ. ಬ್ರೌಸರಿನ ಮೇಲೆ ಅಪವಾದ ಹೊರಿಸುವ ಮುನ್ನ ಇದನ್ನು ನೋಡಿದರೆ ಬಹಳ ಶ್ರಮ ಉಳಿಯುತ್ತದೆ.

ಈಗ ಎಕ್ಸ್‌ಟೆನ್ಷನ್‌ಗಳ ಪುಟ ತೆರೆಯಿರಿ. ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಕ್ರೋಮ್‌ನಲ್ಲಿ ಬಲ ಮೇಲ್ತುದಿಯಲ್ಲಿರುವ ಒಗಟಿನ ತುಣುಕಿನಂಥ ಚಿಹ್ನೆ ಒತ್ತಿ ಮ್ಯಾನೇಜ್ ಎಕ್ಸ್‌ಟೆನ್ಷನ್ಸ್ ಆರಿಸಬೇಕು. ಅಲ್ಲಿ ಕಾಣುವ ಸೂಚನೆಯನ್ನು ಪೂರ್ತಿ ಓದಿ, ಅಥವಾ ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ, ಏಕೆಂದರೆ ಮುಂದಿನ ದಾರಿ ಅದನ್ನೇ ಅವಲಂಬಿಸಿದೆ.

ಎಕ್ಸ್‌ಟೆನ್ಷನ್ ಹೊಸ ಅನುಮತಿ ಕೇಳುತ್ತಿದೆ ಎಂದಿದ್ದರೆ ತೊಂದರೆ ಸಣ್ಣದು. ಎಕ್ಸ್‌ಟೆನ್ಷನ್‌ನ ಹೊಸ ಆವೃತ್ತಿ ಮೊದಲಿಗಿಂತ ಹೆಚ್ಚಿನ ಅಧಿಕಾರ ಬಯಸಿದಾಗ ನೀವು ಒಪ್ಪುವವರೆಗೆ ಕ್ರೋಮ್ ಅದನ್ನು ನಿಲ್ಲಿಸಿಡುತ್ತದೆ. ಫೈರ್‌ಫಾಕ್ಸ್ ಹೊಸ ಆವೃತ್ತಿಯನ್ನು ತಡೆದು ಹಳೆಯದನ್ನೇ ಓಡಿಸುತ್ತದೆ. ಕೇಳಿದ ಅನುಮತಿ ಅದರ ಕೆಲಸಕ್ಕೆ ತಕ್ಕದ್ದೇ ಎಂದು ಯೋಚಿಸಿ ಒಪ್ಪಿಕೊಳ್ಳಿ. ಪಾಸ್‌ವರ್ಡ್ ತುಂಬುವ ಎಕ್ಸ್‌ಟೆನ್ಷನ್ ಎಲ್ಲ ಪುಟಗಳನ್ನು ಓದಲು ಅನುಮತಿ ಕೇಳುವುದರಲ್ಲಿ ಅರ್ಥವಿದೆ. ಬಣ್ಣ ಬದಲಿಸುವ ಒಂದು ಥೀಮ್ ಅದೇ ಅನುಮತಿ ಕೇಳಿದರೆ ಅದನ್ನು ತೆಗೆದುಹಾಕುವುದೇ ಸರಿ.

ಎಕ್ಸ್‌ಟೆನ್ಷನ್ ದೃಢೀಕರಣವಾಗಿಲ್ಲ ಎಂಬ ಸೂಚನೆ ಫೈರ್‌ಫಾಕ್ಸ್‌ನಲ್ಲಿ ಬಂದರೆ, ಅದರಲ್ಲೂ ಹಲವು ಎಕ್ಸ್‌ಟೆನ್ಷನ್‌ಗಳು ಒಮ್ಮೆಗೇ ಹೀಗಾಗಿದ್ದರೆ, ಅದು ಸಹಿಯ ತೊಂದರೆ. ಇದಕ್ಕೆ ಮದ್ದು ಬ್ರೌಸರ್ ಅಪ್‌ಡೇಟ್. 2025ರ ಮಾರ್ಚ್ 14ರಂದು ಮೊಜಿಲ್ಲಾದ ಒಂದು ಮೂಲ ಪ್ರಮಾಣಪತ್ರದ ಅವಧಿ ಮುಗಿಯಿತು. ಮೊದಲೇ ಎಚ್ಚರಿಕೆ ಕೊಟ್ಟಿದ್ದರು; 128 ಅಥವಾ ಅದಕ್ಕಿಂತ ಹೊಸ ಫೈರ್‌ಫಾಕ್ಸ್ ಇದ್ದವರಿಗೆ, ದೀರ್ಘಾವಧಿ ಬೆಂಬಲದ ಇಎಸ್‌ಆರ್ ಸಾಲಿನಲ್ಲಿ 115.13 ಅಥವಾ ಅದಕ್ಕಿಂತ ಹೊಸದು ಇದ್ದವರಿಗೆ ಏನೂ ಆಗಲಿಲ್ಲ, ಎಕ್ಸ್‌ಟೆನ್ಷನ್‌ಗಳ ತೊಂದರೆ ಎದುರಾದದ್ದು ಅಪ್‌ಡೇಟ್ ಮಾಡದೆ ಉಳಿದ ಆವೃತ್ತಿಗಳಿಗೆ. ಎಕ್ಸ್‌ಟೆನ್ಷನ್ ಉಳಿಯಲಿ ಎಂದು ಅಪ್‌ಡೇಟ್ ನಿಲ್ಲಿಸಿದವರು ಆ ಕಾರಣಕ್ಕೇ ಎಕ್ಸ್‌ಟೆನ್ಷನ್ ಕಳೆದುಕೊಳ್ಳುವ ಸ್ಥಿತಿ ಅದು.

ಈ ಎಕ್ಸ್‌ಟೆನ್ಷನ್‌ಗೆ ಇನ್ನು ಬೆಂಬಲವಿಲ್ಲ ಎಂಬ ಸೂಚನೆ ಕಂಡರೆ ಕಾಯುವುದರಿಂದ ಪ್ರಯೋಜನವಿಲ್ಲ, ಬೇರೆಯದಕ್ಕೆ ಸಾಗಬೇಕು. ಅದನ್ನು ಮುಂದೆ ವಿವರಿಸಿದ್ದೇನೆ.

ಕೊನೆಯದು ಪತ್ತೆಹಚ್ಚಲು ಕಷ್ಟವಾದ ಬಗೆ. ಪುಟದಲ್ಲಿ ಎಕ್ಸ್‌ಟೆನ್ಷನ್ ಚಾಲೂ ಇದೆ ಎಂದೇ ಕಾಣುತ್ತದೆ, ಚಿಹ್ನೆಯೂ ಇರುತ್ತದೆ, ಕೆಲಸ ಮಾತ್ರ ಆಗುತ್ತಿರುವುದಿಲ್ಲ. ಆಗ ಕ್ರೋಮ್‌ನಲ್ಲಿ ಆ ಎಕ್ಸ್‌ಟೆನ್ಷನ್‌ನ ಡೀಟೇಲ್ಸ್ ತೆರೆದು ಸೈಟ್ ಆಕ್ಸೆಸ್ ಎಂಬಲ್ಲಿ ಎಲ್ಲ ತಾಣಗಳಿಗೂ ಅನುಮತಿ ಇದೆಯೇ ಅಥವಾ ಕ್ಲಿಕ್ ಮಾಡಿದಾಗ ಮಾತ್ರವೇ ಎಂದು ನೋಡಿ. ಖಾಸಗಿ ಕಿಟಕಿಯಲ್ಲಿ ಕೆಲಸ ಮಾಡುತ್ತಿದ್ದರೆ, ಎರಡೂ ಬ್ರೌಸರ್‌ಗಳಲ್ಲಿ ಅದಕ್ಕೆ ಪ್ರತ್ಯೇಕ ಅನುಮತಿ ಕೊಡಬೇಕು ಎಂಬುದು ನೆನಪಿರಲಿ. ಪಾಸ್‌ವರ್ಡ್ ಮ್ಯಾನೇಜರ್ ಕಂಪ್ಯೂಟರಿನಲ್ಲಿರುವ ಆ್ಯಪ್ ಜೊತೆ ಮಾತಾಡುವ ಬಗೆಯದಾಗಿದ್ದರೆ ಆ ಕೊಂಡಿ ಕಡಿದಿರಬಹುದು. ವಿಂಡೋಸ್ ಬದಲಿಗೆ ಬಳಸಬಹುದಾದ ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 22.04ರಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ಎಂಬ ಪ್ಯಾಕೇಜ್ ರೂಪದಲ್ಲಿ ಬರತೊಡಗಿದಾಗ ಕೀಪಾಸ್‌ಎಕ್ಸ್‌ಸಿ ಎಂಬ ಪಾಸ್‌ವರ್ಡ್ ಮ್ಯಾನೇಜರ್ ಬಳಸುತ್ತಿದ್ದವರಿಗೆ ಆದದ್ದು ಇದೇ: ಸ್ನ್ಯಾಪ್ ತನ್ನೊಳಗಿನ ಬ್ರೌಸರನ್ನು ಉಳಿದ ವ್ಯವಸ್ಥೆಯಿಂದ ಬೇರ್ಪಡಿಸಿಡುತ್ತದೆಯಾದ್ದರಿಂದ ಆರಂಭದಲ್ಲಿ ಬ್ರೌಸರಿಗೂ ಆ್ಯಪ್‌ಗೂ ಸಂಪರ್ಕವೇ ಇರಲಿಲ್ಲ. ಮೊಜಿಲ್ಲಾ ತಾನೇ ಕೊಡುವ, ಹಾಗೆ ಬೇರ್ಪಡಿಸಿಡದ ಡೆಬ್ ಪ್ಯಾಕೇಜ್ ಹಾಕಿಕೊಳ್ಳುವುದು ಅಲ್ಲಿನ ನೇರ ದಾರಿ.

ಇಷ್ಟಾದರೂ ಕಾರಣ ತಿಳಿಯದಿದ್ದರೆ ಹೊಸದೊಂದು ಪ್ರೊಫೈಲ್ (ಬ್ರೌಸರಿನೊಳಗೆ ತನ್ನದೇ ಸೆಟ್ಟಿಂಗ್ ಮತ್ತು ಎಕ್ಸ್‌ಟೆನ್ಷನ್‌ಗಳಿರುವ ಪ್ರತ್ಯೇಕ ಖಾನೆ) ಮಾಡಿ, ಅದರಲ್ಲಿ ಆ ಒಂದೇ ಎಕ್ಸ್‌ಟೆನ್ಷನ್ ಹಾಕಿ ಪರೀಕ್ಷಿಸಿ. ಹಳೆಯ ಪ್ರೊಫೈಲನ್ನು ಮುಟ್ಟಬೇಕಾಗಿಲ್ಲ. ಹೊಸದರಲ್ಲಿ ಕೆಲಸ ಮಾಡಿದರೆ ನಿಮ್ಮ ಹಳೆಯ ಪ್ರೊಫೈಲಿನ ಯಾವುದೋ ಸೆಟ್ಟಿಂಗ್ ಅಥವಾ ಇನ್ನೊಂದು ಎಕ್ಸ್‌ಟೆನ್ಷನ್ ಅಡ್ಡಬರುತ್ತಿದೆ ಎಂದು ಅರ್ಥ. ಅಲ್ಲೂ ಕೆಲಸ ಮಾಡದಿದ್ದರೆ ದೋಷ ಹೊಸ ಆವೃತ್ತಿಯದು, ಕಾಯಬೇಕು.

ಕಾಯುವ ದಿನಗಳಲ್ಲಿ ಕೆಲಸ ಸಾಗಿಸುವುದು

ಎಕ್ಸ್‌ಟೆನ್ಷನ್‌ಗಳು ಮಾಡುತ್ತಿದ್ದ ಕೆಲಸಗಳಲ್ಲಿ ಕೆಲವನ್ನು ಈಗ ಬ್ರೌಸರ್ ತಾನೇ ಮಾಡುತ್ತದೆ. ಫೈರ್‌ಫಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿ ವಿಭಾಗಕ್ಕೆ ಹೋಗಿ ತಾಣಗಳು ನಮ್ಮ ಬೆನ್ನುಹತ್ತುವುದನ್ನು ತಡೆಯುವ ಟ್ರ್ಯಾಕಿಂಗ್ ರಕ್ಷಣೆಯನ್ನು ಸ್ಟ್ರಿಕ್ಟ್ ಮಟ್ಟಕ್ಕೆ ಏರಿಸಿ, ಅಲ್ಲೇ ಸುರಕ್ಷಿತ ಸಂಪರ್ಕವನ್ನಷ್ಟೇ ಬಳಸುವ ಎಚ್‌ಟಿಟಿಪಿಎಸ್ ಓನ್ಲಿ ಮೋಡ್ ಅನ್ನು ಎಲ್ಲ ಕಿಟಕಿಗಳಿಗೂ ಚಾಲೂ ಮಾಡಿ. ಕ್ರೋಮ್‌ನಲ್ಲಿ ಅದೇ ಹೆಸರಿನ ವಿಭಾಗದೊಳಗೆ ಸೆಕ್ಯುರಿಟಿ ಎಂಬಲ್ಲಿ ಸುರಕ್ಷಿತ ಸಂಪರ್ಕವನ್ನೇ ಬಳಸುವ ಆಯ್ಕೆ ಇದೆ. ಈ ಸೌಲಭ್ಯ ಎರಡರಲ್ಲೂ ಬಂದ ಮೇಲೆ, 2010ರಿಂದ ಅದೇ ಕೆಲಸ ಮಾಡುತ್ತಿದ್ದ ಎಚ್‌ಟಿಟಿಪಿಎಸ್ ಎವೆರಿವೇರ್ ಎಕ್ಸ್‌ಟೆನ್ಷನ್ ಅನ್ನು ಅದನ್ನು ರೂಪಿಸಿದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಸಂಸ್ಥೆ ತಾನಾಗಿಯೇ ನಿವೃತ್ತಿಗೊಳಿಸಿತು. ನಿಮ್ಮಲ್ಲಿ ಅದು ಇನ್ನೂ ಉಳಿದಿದ್ದರೆ ನಿಶ್ಚಿಂತೆಯಿಂದ ತೆಗೆದುಹಾಕಬಹುದು. ಬ್ರೌಸರೇ ಮಾಡುವ ಕೆಲಸ ಮುಂದಿನ ಅಪ್‌ಡೇಟ್‌ನಲ್ಲಿ ಮುರಿಯುವ ಸಂಭವ ಕಡಿಮೆ. ಆದ್ದರಿಂದ ಒಳಗೇ ಇರುವ ಸೌಲಭ್ಯಕ್ಕೆ ಹೊರಗಿನ ಎಕ್ಸ್‌ಟೆನ್ಷನ್ ಇಟ್ಟುಕೊಳ್ಳದಿರುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಪಾಸ್‌ವರ್ಡ್ ಮ್ಯಾನೇಜರ್ ನಿಂತಿದ್ದರೆ ಹೆಚ್ಚು ಎಚ್ಚರ ಬೇಕು. ಕಂಪ್ಯೂಟರಿನ ಆ್ಯಪ್ ಅಥವಾ ಮೊಬೈಲಿನಿಂದ ಪಾಸ್‌ವರ್ಡ್ ನಕಲಿಸಿ ಅಂಟಿಸಬಹುದು, ಆದರೆ ಹಾಗೆ ಮಾಡುವಾಗ ಕಣ್ಣಿಗೆ ಕಾಣದ ಒಂದು ರಕ್ಷಣೆ ತಪ್ಪಿಹೋಗಿರುತ್ತದೆ. ಎಕ್ಸ್‌ಟೆನ್ಷನ್ ಪಾಸ್‌ವರ್ಡ್ ತುಂಬುವ ಮೊದಲು ತಾಣದ ವಿಳಾಸವನ್ನು ತನ್ನಲ್ಲಿರುವ ವಿಳಾಸದೊಂದಿಗೆ ಅಕ್ಷರಕ್ಕೆ ಅಕ್ಷರ ತಾಳೆ ನೋಡುತ್ತದೆ. ಬ್ಯಾಂಕಿನ ಪುಟವನ್ನೇ ಹೋಲುವ ನಕಲಿ ಪುಟಕ್ಕೆ ನೀವು ಹೋಗಿದ್ದರೆ ಅದು ಪಾಸ್‌ವರ್ಡ್ ಕೊಡುವುದಿಲ್ಲ. ಮನುಷ್ಯರ ಕಣ್ಣು ಒಂದು ಅಕ್ಷರದ ವ್ಯತ್ಯಾಸವನ್ನು ಸುಲಭವಾಗಿ ಬಿಟ್ಟುಬಿಡುತ್ತದೆ. ಇಂದು ರಾತ್ರಿ ನಿಮ್ಮ ಮನೆಯ ವಿದ್ಯುತ್ ಕಡಿತಗೊಳಿಸುತ್ತೇವೆ, ಕೂಡಲೇ ಬಾಕಿ ಕಟ್ಟಿ ಎಂಬ ಸುಳ್ಳು ಸಂದೇಶಗಳು ಈ ಊರಿನಲ್ಲಿ ಎಷ್ಟು ಮಂದಿಗೆ ಬಂದಿಲ್ಲ! ಅಂಥ ಸಂದೇಶದ ಕೊಂಡಿ ಒತ್ತಿದ ದಿನವೇ ಈ ತಾಳೆ ನೋಡುವ ಕಾವಲು ಇಲ್ಲದಿದ್ದರೆ ಹಾನಿ ನಿಶ್ಚಿತ. ಆದ್ದರಿಂದ ಈ ದಿನಗಳಲ್ಲಿ ಯಾವ ಸಂದೇಶದ ಕೊಂಡಿಯಿಂದಲೂ ಪಾವತಿ ಪುಟಕ್ಕೆ ಹೋಗಬೇಡಿ; ನೀವೇ ಹಿಂದೆ ಉಳಿಸಿಟ್ಟ ಬುಕ್‌ಮಾರ್ಕ್‌ನಿಂದ ಮಾತ್ರ ಹೋಗಿ. ಹಣ ಹೋಗಿಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ದೂರು ದಾಖಲಾಗುತ್ತದೋ ಹಣವನ್ನು ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ನಗರದ ಸೈಬರ್ ಅಪರಾಧ ಠಾಣೆಗಳಿಗೆ ಹೋಗುವ ಮೊದಲೇ ಈ ಕರೆ ಆಗಿರಬೇಕು.

ಎರಡನೆಯ ಬ್ರೌಸರೊಂದು ಮೊದಲೇ ಸಿದ್ಧವಾಗಿದ್ದರೆ ಈ ಕಷ್ಟ ಅರ್ಧಕ್ಕರ್ಧ ತಗ್ಗುತ್ತದೆ. ಕ್ರೋಮ್ ಬಳಸುವವರು ಫೈರ್‌ಫಾಕ್ಸನ್ನೂ ಫೈರ್‌ಫಾಕ್ಸ್ ಬಳಸುವವರು ಕ್ರೋಮ್ ಅಥವಾ ಎಡ್ಜ್ ಅನ್ನೂ ಹಾಕಿ, ಅದೇ ಪಾಸ್‌ವರ್ಡ್ ಮ್ಯಾನೇಜರ್ ಮತ್ತು ಒಂದು ತಡೆ ಎಕ್ಸ್‌ಟೆನ್ಷನ್ ಮಾತ್ರ ಜೋಡಿಸಿಟ್ಟಿರಬೇಕು. ಕ್ರೋಮ್ ಮತ್ತು ಎಡ್ಜ್ ಎರಡೂ ಕ್ರೋಮಿಯಂ ಎಂಬ ಒಂದೇ ಬುನಾದಿಯ ಮೇಲೆ ನಿಂತಿವೆ. ಒಂದರಲ್ಲಿ ಮುರಿದದ್ದು ಇನ್ನೊಂದರಲ್ಲೂ ಮುರಿಯುವ ಸಂಭವ ಹೆಚ್ಚಾದ್ದರಿಂದ ಆ ಎರಡನ್ನೇ ಜೋಡಿಯಾಗಿ ಇಟ್ಟುಕೊಳ್ಳುವುದರಲ್ಲಿ ಹೆಚ್ಚು ಅರ್ಥವಿಲ್ಲ.

ಹಳೆಯ ಎಕ್ಸ್‌ಟೆನ್ಷನ್ ಇನ್ನು ಬರುವುದಿಲ್ಲ ಎಂದಾದಾಗ

ಬ್ರೌಸರ್ ತಯಾರಕರು ಎಕ್ಸ್‌ಟೆನ್ಷನ್‌ಗಳ ವ್ಯವಸ್ಥೆಯನ್ನೇ ಬದಲಿಸಿದ ಸಂದರ್ಭಗಳಿವೆ. 2017ರ ನವೆಂಬರ್ 14ರಂದು ಬಂದ ಫೈರ್‌ಫಾಕ್ಸ್ 57 ಹಳೆಯ ಮಾದರಿಯ ಎಲ್ಲ ಆಡ್-ಆನ್‌ಗಳನ್ನು (ಎಕ್ಸ್‌ಟೆನ್ಷನ್‌ಗಳನ್ನು) ಕೈಬಿಟ್ಟಿತು. ನೋಸ್ಕ್ರಿಪ್ಟ್‌ನಂಥ ಪ್ರಮುಖ ಎಕ್ಸ್‌ಟೆನ್ಷನ್‌ನ ಹೊಸ ರೂಪ ಬರಲು ಕೂಡ ಆಮೇಲೆ ಕೆಲವು ದಿನ ಹಿಡಿಯಿತು. ಇತ್ತೀಚಿನ ದೊಡ್ಡ ಬದಲಾವಣೆ ಕ್ರೋಮ್‌ನದು. ಮ್ಯಾನಿಫೆಸ್ಟ್ ವಿ2 ಎಂಬ ಹಳೆಯ ಮಾದರಿಯಲ್ಲಿ ಪುಟದ ಭಾಗಗಳನ್ನು ತರಲು ಬ್ರೌಸರ್ ಕಳಿಸುವ ಪ್ರತಿಯೊಂದು ಕೋರಿಕೆಯನ್ನೂ ಎಕ್ಸ್‌ಟೆನ್ಷನ್ ತಾನೇ ನೋಡಿ, ಬಿಡಬೇಕೋ ತಡೆಯಬೇಕೋ ಎಂದು ಆ ಕ್ಷಣದಲ್ಲಿ ತೀರ್ಮಾನಿಸಬಹುದಿತ್ತು. ಹೊಸ ಮ್ಯಾನಿಫೆಸ್ಟ್ ವಿ3ರಲ್ಲಿ ಸಾಮಾನ್ಯ ಎಕ್ಸ್‌ಟೆನ್ಷನ್‌ಗೆ ಆ ಅಧಿಕಾರವಿಲ್ಲ. ಅದು ನಿಯಮಗಳ ಪಟ್ಟಿಯೊಂದನ್ನು ಮೊದಲೇ ಬ್ರೌಸರಿಗೆ ಒಪ್ಪಿಸಬೇಕು, ತಡೆಯುವ ಕೆಲಸವನ್ನು ಬ್ರೌಸರ್ ಮಾಡುತ್ತದೆ. ದುರುದ್ದೇಶದ ಎಕ್ಸ್‌ಟೆನ್ಷನ್ ನಿಮ್ಮ ಎಲ್ಲ ಓಡಾಟವನ್ನು ಕದ್ದು ನೋಡುವುದು ಇದರಿಂದ ಕಷ್ಟವಾಗುತ್ತದೆ ಎಂಬುದು ಗೂಗಲ್ ವಾದ. ವಾದದಲ್ಲಿ ಹುರುಳಿದೆಯಾದರೂ ಒಳ್ಳೆಯ ಕಾವಲುಗಾರರ ಕೈಯನ್ನೂ ಅದು ಕಟ್ಟಿತು. ರೇಮಂಡ್ ಹಿಲ್ ರೂಪಿಸಿದ, ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್, 2024ರ ಕೊನೆಯಿಂದ ಹಂತ ಹಂತವಾಗಿ ಕ್ರೋಮ್‌ನಲ್ಲಿ ನಿಷ್ಕ್ರಿಯವಾಗುತ್ತ ಬಂತು. 2025ರ ಜೂನ್‌ನಲ್ಲಿ ಬಂದ ಕ್ರೋಮ್ 138 ಹಳೆಯ ಮಾದರಿಯನ್ನು ಸಂಸ್ಥೆಗಳ ವಿಶೇಷ ನೀತಿಯ ಮೂಲಕವಾದರೂ ಓಡಿಸಬಹುದಾಗಿದ್ದ ಕೊನೆಯ ಆವೃತ್ತಿ.

ಈ ಸ್ಥಿತಿಯಲ್ಲಿ ಇರುವ ಆಯ್ಕೆಗಳು ಎರಡು. ಕ್ರೋಮ್‌ನಲ್ಲೇ ಉಳಿಯುವುದಾದರೆ ಅದೇ ಲೇಖಕರ ಯುಬ್ಲಾಕ್ ಒರಿಜಿನ್ ಲೈಟ್ ಹಾಕಿಕೊಳ್ಳಬಹುದು. ಅದರ ತಡೆಪಟ್ಟಿಗಳು ಬಹುಮಟ್ಟಿಗೆ ಎಕ್ಸ್‌ಟೆನ್ಷನ್‌ನ ಹೊಸ ಆವೃತ್ತಿಯೊಂದಿಗೆ ಮಾತ್ರ ಬದಲಾಗುತ್ತವೆ; ಬೇಸಿಕ್, ಆಪ್ಟಿಮಲ್, ಕಂಪ್ಲೀಟ್ ಎಂಬ ಮಟ್ಟಗಳಿದ್ದು, ತೊಂದರೆ ಕೊಡುವ ತಾಣಗಳಿಗೆ ಮಾತ್ರ ಮಟ್ಟ ಏರಿಸಿಕೊಳ್ಳಬಹುದು. ಸುದ್ದಿ ಓದಿ, ಬಿಲ್ಲು ಕಟ್ಟಿ, ವಿಡಿಯೋ ನೋಡುವವರಿಗೆ ಅದು ಸಾಕಾಗುತ್ತದೆ. ಸ್ವಂತ ನಿಯಮಗಳನ್ನು ವಿಸ್ತಾರವಾಗಿ ಬರೆದುಕೊಂಡಿದ್ದವರಿಗೆ ಅದು ಸಾಲದು. ಅವರು ಫೈರ್‌ಫಾಕ್ಸ್‌ಗೆ ಹೋಗುವುದೇ ಉತ್ತಮ, ಏಕೆಂದರೆ ಕೋರಿಕೆಗಳನ್ನು ತಡೆಯುವ ಹಳೆಯ ಸೌಲಭ್ಯವನ್ನು ಉಳಿಸಿಕೊಳ್ಳುವುದಾಗಿ ಮೊಜಿಲ್ಲಾ ಹೇಳಿದೆ ಮತ್ತು ಮೂಲ ಯುಬ್ಲಾಕ್ ಒರಿಜಿನ್ ಅಲ್ಲಿ ಪೂರ್ಣರೂಪದಲ್ಲೇ ಓಡುತ್ತದೆ. ಆ್ಯಂಡ್ರಾಯ್ಡ್ ಫೋನಿನ ಫೈರ್‌ಫಾಕ್ಸ್‌ನಲ್ಲೂ ಅದನ್ನು ಹಾಕಿಕೊಳ್ಳಬಹುದೆಂಬುದು ಹೆಚ್ಚುವರಿ ಲಾಭ.

ಸ್ಥಳಾಂತರ ಮಾಡುವಾಗ ಫೈರ್‌ಫಾಕ್ಸ್‌ನ ಇಂಪೋರ್ಟ್ ಸೌಲಭ್ಯ ಕ್ರೋಮ್‌ನ ಬುಕ್‌ಮಾರ್ಕ್‌ಗಳನ್ನು ತಂದುಕೊಡುತ್ತದೆ. ಪಾಸ್‌ವರ್ಡ್‌ಗಳನ್ನು ಸಿಎಸ್‌ವಿ ಎಂಬ ಸರಳ ಪಠ್ಯದ ಕಡತದ ಮೂಲಕ ಸಾಗಿಸಿದರೆ, ಆ ಕಡತದಲ್ಲಿ ಎಲ್ಲ ಪಾಸ್‌ವರ್ಡ್‌ಗಳೂ ಯಾವ ಬೀಗವೂ ಇಲ್ಲದೆ ತೆರೆದೇ ಇರುತ್ತವೆ ಎಂಬುದನ್ನು ಮರೆಯಬೇಡಿ. ಕೆಲಸ ಮುಗಿದ ತಕ್ಷಣ ಅದನ್ನು ಅಳಿಸಿ, ರಿಸೈಕಲ್ ಬಿನ್ ಕೂಡ ಖಾಲಿ ಮಾಡಿ. ಹಲವರು ಬಳಸುವ ಕಂಪ್ಯೂಟರುಗಳ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಇಂಥ ಕಡತಗಳು ವರ್ಷಗಟ್ಟಲೆ ಬಿದ್ದಿರುವುದನ್ನು ಕಂಡಿದ್ದೇನೆ, ಅದು ನನ್ನನ್ನು ಪ್ರತಿ ಸಲವೂ ಕಳವಳಗೊಳಿಸುತ್ತದೆ.

ಬದಲಿ ಎಕ್ಸ್‌ಟೆನ್ಷನ್ ಹುಡುಕುವಾಗ ಹೆಸರಿನ ಹೋಲಿಕೆಯನ್ನು ನಂಬಬಾರದು. ಯುಬ್ಲಾಕ್ ಎಂಬ ಹೆಸರಿನದು ಬೇರೆ, ಯುಬ್ಲಾಕ್ ಒರಿಜಿನ್ ಬೇರೆ. ಎಕ್ಸ್‌ಟೆನ್ಷನ್‌ನ ಮೂಲ ಲೇಖಕರ ಅಧಿಕೃತ ಪುಟದಲ್ಲಿರುವ ಕೊಂಡಿಯಿಂದಲೇ ಬ್ರೌಸರಿನ ಎಕ್ಸ್‌ಟೆನ್ಷನ್ ಅಂಗಡಿಯ (ಸ್ಟೋರ್) ಪುಟಕ್ಕೆ ಹೋಗಿ. ಎಕ್ಸ್‌ಟೆನ್ಷನ್‌ಗಳು ಕೈಬದಲಾಗುತ್ತವೆ ಎಂಬುದೂ ಗೊತ್ತಿರಲಿ: ಬಳಸದ ಟ್ಯಾಬ್‌ಗಳನ್ನು ನಿದ್ದೆಗೆ ಕಳಿಸುತ್ತಿದ್ದ ದಿ ಗ್ರೇಟ್ ಸಸ್ಪೆಂಡರ್ ಹೊಸ ಒಡೆಯರ ಕೈ ಸೇರಿದ ಮೇಲೆ ಅದರಲ್ಲಿ ಹಾನಿಕಾರಕ ಅಂಶಗಳಿವೆಯೆಂದು 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ತೆಗೆದುಹಾಕಿತು. 2024ರ ಡಿಸೆಂಬರ್‌ನಲ್ಲಿ ಸೈಬರ್‌ಹೆವೆನ್ ಎಂಬ ಭದ್ರತಾ ಕಂಪನಿಯ ಎಕ್ಸ್‌ಟೆನ್ಷನ್‌ಗೇ ಕಳ್ಳರು ದುರುದ್ದೇಶದ ಅಪ್‌ಡೇಟ್ ತುರುಕಿದರು. ಅದರ ಉದ್ಯೋಗಿಯೊಬ್ಬರನ್ನು ನಕಲಿ ಇಮೇಲ್‌ನಿಂದ ವಂಚಿಸಿ ಪ್ರವೇಶ ಪಡೆದಿದ್ದರು. ಆದ್ದರಿಂದ ಹತ್ತು ಎಕ್ಸ್‌ಟೆನ್ಷನ್ ಇರುವ ಬ್ರೌಸರಿಗಿಂತ ಮೂರು ಇರುವ ಬ್ರೌಸರ್ ಹೆಚ್ಚು ಸುರಕ್ಷಿತ.

ಡಿಜಿಟಲ್ ಸಹಿಯ ಟೋಕನ್ ಬಳಸುವ ಕಚೇರಿಗಳಿಗೆ

ಜಿಎಸ್‌ಟಿ, ಆದಾಯ ತೆರಿಗೆ, ಕಂಪನಿ ವ್ಯವಹಾರಗಳ ಸಚಿವಾಲಯದ ಕಡತಗಳು, ಸರ್ಕಾರಿ ಟೆಂಡರ್‌ಗಳು, ಇವುಗಳಿಗೆ ಯುಎಸ್‌ಬಿ ಟೋಕನ್‌ನಲ್ಲಿ ಡಿಜಿಟಲ್ ಸಹಿ ಇಟ್ಟುಕೊಂಡ ಕಚೇರಿಗಳು ಈ ನಗರದ ತುಂಬ ಇವೆ. ಬ್ರೌಸರಿನ ಬದಲಾವಣೆ ಇವರನ್ನು ಮೊದಲು ಕಾಡಿದ್ದು ಟೋಕನ್ ಓದಲು ಬೇಕಾಗಿದ್ದ ಜಾವಾ ಪ್ಲಗಿನ್ ಹೋದಾಗ. ಆ ಪ್ಲಗಿನ್ ಆಧರಿಸಿದ್ದ ಎನ್‌ಪಿಎಪಿಐ ಎಂಬ ತಂತ್ರವನ್ನು ಕ್ರೋಮ್ 2015ರ ಸೆಪ್ಟೆಂಬರ್‌ನಲ್ಲಿ, ಫೈರ್‌ಫಾಕ್ಸ್ 2017ರ ಮಾರ್ಚ್‌ನಲ್ಲಿ ಕೈಬಿಟ್ಟವು. ಅನೇಕರು ಇದೊಂದೇ ಕಾರಣಕ್ಕೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಉಳಿಸಿಕೊಂಡಿದ್ದರು. 2022ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಅದಕ್ಕೂ ತೆರೆ ಎಳೆಯಿತು. ಈಗ ಎಂಸೈನರ್, ಎಂಬ್ರಿಡ್ಜ್ ಮುಂತಾದ ಸಹಾಯಕ ಪ್ರೋಗ್ರಾಂಗಳು ಕಂಪ್ಯೂಟರಿನಲ್ಲೇ ಓಡುತ್ತಿರುತ್ತವೆ, ಜಾಲತಾಣವು 127.0.0.1 ಎಂಬ ಒಳವಿಳಾಸದ ಮೂಲಕ ಅವುಗಳೊಂದಿಗೆ ಮಾತಾಡುತ್ತದೆ.

ಟೋಕನ್ ಕಾಣುತ್ತಿಲ್ಲ ಎಂಬ ಸೂಚನೆ ಬಂದಾಗ ಮೊದಲು ನೋಡಬೇಕಾದದ್ದು ಈ ಒಳಸಂಪರ್ಕವನ್ನು. 2025ರ ಕೊನೆಯ ಭಾಗದಲ್ಲಿ ಬಂದ ಕ್ರೋಮ್ 142ರಿಂದ, ಹೊರಗಿನ ತಾಣವೊಂದು ನಿಮ್ಮ ಕಂಪ್ಯೂಟರಿನ ಅಥವಾ ಒಳಜಾಲದ (ಮನೆ ಅಥವಾ ಕಚೇರಿಯ ನೆಟ್‌ವರ್ಕಿನ) ವಿಳಾಸವನ್ನು ಸಂಪರ್ಕಿಸಲು ಹೊರಟರೆ ಬ್ರೌಸರ್ ನಿಮ್ಮ ಅನುಮತಿ ಕೇಳುತ್ತದೆ. ಇದು ಒಳ್ಳೆಯ ರಕ್ಷಣೆ. ಆದರೆ ಅವಸರದಲ್ಲಿ ಬ್ಲಾಕ್ ಒತ್ತಿಬಿಟ್ಟರೆ ಸಹಿಯ ಪ್ರೋಗ್ರಾಂ ಚೆನ್ನಾಗಿಯೇ ಓಡುತ್ತಿದ್ದರೂ ತಾಣಕ್ಕೆ ಅದು ಕಾಣುವುದಿಲ್ಲ. ವಿಳಾಸದ ಎಡಭಾಗದ ಚಿಹ್ನೆ ಒತ್ತಿ, ಸೈಟ್ ಸೆಟ್ಟಿಂಗ್ಸ್ ತೆರೆದು, ಈ ಒಳಸಂಪರ್ಕದ ಅನುಮತಿಯನ್ನು (ಕ್ರೋಮ್ 142ರಲ್ಲಿ ಇದರ ಹೆಸರು ಲೋಕಲ್ ನೆಟ್‌ವರ್ಕ್) ಆ ಒಂದು ಸರ್ಕಾರಿ ತಾಣಕ್ಕೆ ಮಾತ್ರ ಕೊಡಿ. ಯುಬ್ಲಾಕ್ ಒರಿಜಿನ್‌ನಲ್ಲಿ ಹೊರಗಿನ ತಾಣಗಳು ಒಳಜಾಲಕ್ಕೆ ನುಗ್ಗುವುದನ್ನು ತಡೆಯುವ ಪಟ್ಟಿಯೊಂದಿದೆ; ಅದನ್ನು ನೀವು ಚಾಲೂ ಮಾಡಿದ್ದರೆ ಅದೂ ಇದೇ ತೊಂದರೆ ತರುತ್ತದೆ, ಸಹಿ ಮಾಡುವ ತಾಣದಲ್ಲಿ ಮಾತ್ರ ಎಕ್ಸ್‌ಟೆನ್ಷನ್ ಅನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತದೆ. ಹಿಂದೆ ಆ ಒಳವಿಳಾಸದ ಪ್ರಮಾಣಪತ್ರಕ್ಕೆ ಫೈರ್‌ಫಾಕ್ಸ್‌ನಲ್ಲಿ ಒಪ್ಪಿಗೆ ಕೊಟ್ಟಿದ್ದರೆ, ಆ ಒಪ್ಪಿಗೆ ಹೊಸ ಪ್ರೊಫೈಲಿಗೆ ಬರುವುದಿಲ್ಲ, ಮತ್ತೆ ಕೊಡಬೇಕು.

ಇಲ್ಲಿ ಎರಡು ಎಚ್ಚರಿಕೆಗಳು ಬಹಳ ಮುಖ್ಯ. ಟೋಕನ್‌ನ ಪಿನ್ ಅನ್ನು ಮತ್ತೆ ಮತ್ತೆ ಊಹಿಸಿ ಹಾಕಬೇಡಿ. ತಪ್ಪು ಪಿನ್ ಹಲವು ಸಲ ಬಿದ್ದರೆ ಟೋಕನ್ ತಾನೇ ಬೀಗ ಹಾಕಿಕೊಳ್ಳುತ್ತದೆ, ಬ್ರೌಸರಿನ ಸಣ್ಣ ತೊಂದರೆ ಆಗ ಟೋಕನ್ ಕೊಟ್ಟವರ ಬಳಿ ಅಲೆಯುವ ತೊಂದರೆಯಾಗುತ್ತದೆ. ಮತ್ತು ಹುಡುಕಾಟದಲ್ಲಿ ಸಿಕ್ಕ ಯಾವುದೋ ಸಹಾಯವಾಣಿಗೆ ಕರೆ ಮಾಡಿ, ಅವರು ಹೇಳಿದಂತೆ ದೂರದಿಂದ ಪರದೆ ನಿಯಂತ್ರಿಸುವ ಆ್ಯಪ್ ಹಾಕಿಕೊಳ್ಳಬೇಡಿ; ಟೋಕನ್ ಚುಚ್ಚಿರುವ ಕಂಪ್ಯೂಟರನ್ನು ಅಪರಿಚಿತರಿಗೆ ಒಪ್ಪಿಸುವುದು ಸಹಿಯನ್ನೇ ಒಪ್ಪಿಸಿದಂತೆ. ತಿಂಗಳ 20ನೇ ತಾರೀಖು ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಾದ ಕಚೇರಿಗಳು ಎರಡು ಮೂರು ದಿನ ಮೊದಲೇ ಒಮ್ಮೆ ಟೋಕನ್ ಚುಚ್ಚಿ ತಾಣ ಅದನ್ನು ಗುರುತಿಸುತ್ತದೆಯೇ ಎಂದು ನೋಡಿಕೊಂಡರೆ ಕಡೆಯ ದಿನದ ಸಂಕಟ ತಪ್ಪುತ್ತದೆ.

ಮುಂದಿನ ಅಪ್‌ಡೇಟ್‌ಗೆ ಮೊದಲೇ ಸಿದ್ಧವಾಗುವುದು

ಎಲ್ಲವೂ ಸರಿಯಾಗಿರುವ ದಿನವೇ ಸೆಟ್ಟಿಂಗ್‌ಗಳ ಪ್ರತಿ ತೆಗೆದಿಡಿ. ಯುಬ್ಲಾಕ್ ಒರಿಜಿನ್‌ನ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಕಪ್ ಟು ಫೈಲ್ ಎಂಬ ಗುಂಡಿಯಿದೆ, ನೋಸ್ಕ್ರಿಪ್ಟ್‌ನಲ್ಲಿ ಎಕ್ಸ್‌ಪೋರ್ಟ್ ಇದೆ. ಪಾಸ್‌ವರ್ಡ್ ಮ್ಯಾನೇಜರ್‌ಗಳಲ್ಲಿ ಬಿಟ್‌ವಾರ್ಡನ್ ಬಳಸುವವರು ಪಾಸ್‌ವರ್ಡ್ ಹಾಕಿ ಗೂಢಲಿಪೀಕರಿಸಿದ ರೂಪದಲ್ಲೇ ಪ್ರತಿ ತೆಗೆಯಬೇಕು. ಕೀಪಾಸ್‌ಎಕ್ಸ್‌ಸಿ ಬಳಸುವವರು ಅದರ ದತ್ತಾಂಶದ ಕಡತವನ್ನು ಪೆನ್‌ಡ್ರೈವ್‌ಗೆ ನಕಲಿಸಿದರೆ ಸಾಕು. ಆರು ಅಂಕಿಯ ಸಂಕೇತಗಳು ಎಕ್ಸ್‌ಟೆನ್ಷನ್‌ನಲ್ಲಿ ಮಾತ್ರ ಇದ್ದರೆ ಅವುಗಳನ್ನು ಮೊಬೈಲಿಗೂ ಸೇರಿಸಿ.

ಹಲವು ಕಂಪ್ಯೂಟರ್ ಇರುವ ಕಚೇರಿಯಲ್ಲಿ ಫೈರ್‌ಫಾಕ್ಸ್ ಇಎಸ್‌ಆರ್ ಸಾಲನ್ನು ಬಳಸಬಹುದು. ಅದಕ್ಕೆ ಭದ್ರತಾ ತಿದ್ದುಪಡಿಗಳು ನಿಯಮಿತವಾಗಿ ಬರುತ್ತವೆ, ಹೊಸ ಸೌಲಭ್ಯಗಳು ಮಾತ್ರ ಸುಮಾರು ವರ್ಷಕ್ಕೊಮ್ಮೆ ಬರುತ್ತವೆ. ಹಾಗಾಗಿ ಎಕ್ಸ್‌ಟೆನ್ಷನ್ ಮುರಿಯುವ ಸಂದರ್ಭಗಳು ಕಡಿಮೆ. ಕ್ರೋಮ್‌ನಲ್ಲಿ ಎಂಟು ವಾರಕ್ಕೊಮ್ಮೆ ಬದಲಾಗುವ ಎಕ್ಸ್‌ಟೆಂಡೆಡ್ ಸ್ಟೇಬಲ್ ಎಂಬ ಸಾಲನ್ನು ಸಂಸ್ಥೆಗಳು ಆರಿಸಿಕೊಳ್ಳಬಹುದು. ಒಂದು ಕಂಪ್ಯೂಟರಿನಲ್ಲಿ ಮಾತ್ರ ಸಾಮಾನ್ಯ ಆವೃತ್ತಿ ಇಟ್ಟು, ಅದರಲ್ಲಿ ದಿನನಿತ್ಯ ಬೇಕಾದ ತಾಣಗಳು ಸರಿಯಾಗಿ ತೆರೆಯುತ್ತವೆಯೇ ನೋಡುತ್ತಿದ್ದರೆ ಉಳಿದ ಕಂಪ್ಯೂಟರುಗಳಿಗೆ ಏನು ಬರಲಿದೆ ಎಂಬ ಸುಳಿವು ಸಿಗುತ್ತದೆ. ವಿಂಡೋಸ್ 7 ಇರುವ ಹಳೆಯ ಯಂತ್ರಗಳಿಗೆ ಈ ಯಾವ ಉಪಾಯವೂ ಸಾಲದು. ಕ್ರೋಮ್ ಅಲ್ಲಿ 109ಕ್ಕೆ ನಿಂತಿದೆ, ಫೈರ್‌ಫಾಕ್ಸ್ 115ರ ಇಎಸ್‌ಆರ್‌ಗೆ ನಿಂತಿದೆ. ಹಣದ ವ್ಯವಹಾರವನ್ನು ಅವುಗಳಿಂದ ದೂರವಿಡಬೇಕು, ಅಥವಾ ಲಿನಕ್ಸ್ ಹಾಕಿಕೊಂಡು ಹೊಸ ಬ್ರೌಸರ್ ಪಡೆಯಬೇಕು.

ಹಳೆಯ ಆವೃತ್ತಿಗೆ ಮರಳುವ ಯೋಚನೆ ಇನ್ನೂ ಇದ್ದರೆ ಇದೊಂದು ತಿಳಿದಿರಲಿ: ಫೈರ್‌ಫಾಕ್ಸ್ 67ರಿಂದ ಈಚೆಗೆ, ಹೊಸ ಆವೃತ್ತಿ ಬಳಸಿದ ಪ್ರೊಫೈಲನ್ನು ಹಳೆಯ ಆವೃತ್ತಿಯಲ್ಲಿ ತೆರೆಯಲು ಬ್ರೌಸರೇ ಒಪ್ಪದೆ ಹೊಸ ಪ್ರೊಫೈಲ್ ಮಾಡಿಕೊಳ್ಳಲು ಹೇಳುತ್ತದೆ, ಏಕೆಂದರೆ ಮಾಹಿತಿ ಕೆಡುವ ಭಯವಿರುತ್ತದೆ.

ತಿದ್ದುಪಡಿ ಬಂದ ಮೇಲೆ ತಾತ್ಕಾಲಿಕವಾಗಿ ಸಡಿಲಿಸಿದ್ದನ್ನೆಲ್ಲ ಮತ್ತೆ ಬಿಗಿಗೊಳಿಸಿ. 2019ರಲ್ಲಿ ಟಾರ್ ಬ್ರೌಸರ್ ಬಳಕೆದಾರರು ಸಹಿಯ ಪರಿಶೀಲನೆಯನ್ನೇ ಕೆಲಕಾಲ ನಿಲ್ಲಿಸಿ ಕೆಲಸ ಮಾಡಬೇಕಾಯಿತು, ಹೊಸ ಆವೃತ್ತಿ ಬಂದ ಕೂಡಲೇ ಅದನ್ನು ಮತ್ತೆ ಚಾಲೂ ಮಾಡಿ ಎಂದು ಆ ತಂಡ ಸ್ಪಷ್ಟವಾಗಿ ತಿಳಿಸಿತ್ತು. ದೋಷ ಉಳಿದೇ ಇದ್ದರೆ ಎಕ್ಸ್‌ಟೆನ್ಷನ್‌ನ ಅಂಗಡಿ ಪುಟದಲ್ಲಿರುವ ಸಪೋರ್ಟ್ ಕೊಂಡಿಯ ಮೂಲಕ ಲೇಖಕರಿಗೆ ವರದಿ ಕಳಿಸಿ. ಬ್ರೌಸರಿನ ಮತ್ತು ಎಕ್ಸ್‌ಟೆನ್ಷನ್‌ನ ಆವೃತ್ತಿ ಸಂಖ್ಯೆ, ಯಾವ ತಾಣದಲ್ಲಿ ಏನು ಮಾಡಿದಾಗ ಏನಾಯಿತು, ಹೊಸ ಪ್ರೊಫೈಲಿನಲ್ಲೂ ಹಾಗೇ ಆಯಿತೇ, ಇಷ್ಟನ್ನು ಬರೆಯಿರಿ. ಇಂಥ ಎಕ್ಸ್‌ಟೆನ್ಷನ್‌ಗಳಲ್ಲಿ ಹಲವನ್ನು ಒಬ್ಬರೋ ಇಬ್ಬರೋ ಬಿಡುವಿನ ವೇಳೆಯಲ್ಲಿ ನಡೆಸುತ್ತಾರೆ. ನಮ್ಮ ಸರ್ಕಾರಿ ತಾಣಗಳನ್ನೋ ಬ್ಯಾಂಕುಗಳನ್ನೋ ತೆರೆದು ನೋಡುವ ಅವಕಾಶ ಅವರಿಗೆ ಇರುವುದಿಲ್ಲ. ವರದಿಗೆ ಪರದೆಯ ಚಿತ್ರ ಸೇರಿಸುವುದಾದರೆ ಖಾತೆ ಸಂಖ್ಯೆ, ಪ್ಯಾನ್, ಮೊಬೈಲ್ ಸಂಖ್ಯೆಗಳನ್ನು ಮೊದಲು ಮರೆಮಾಡಿ, ಏಕೆಂದರೆ ಆ ವರದಿಗಳನ್ನು ಅನೇಕ ಕಡೆ ಯಾರು ಬೇಕಾದರೂ ಓದಬಹುದು.